ಪ್ರೇತಕ್ಕೆ ಬಂಗಲೆ ಎಂತಕ್ಕೆ?

ಟಿವಿಯಲ್ಲಿ ಗೋಡೆಯ ಮೇಲಿನ ಭಾವಚಿತ್ರದ ಕಣ್ಣುಗಳು ಹೊರಳಿದ್ದೇ ತಡ, ನನ್ನ ಎಂಟು ವರ್ಷದ ಮಗಳು ಚೀರಿ ಸೋಫಾದ ಹಿಂದೆ ಅಡಗಿದಳು. ಶುಕ್ರವಾರ ಮಧ್ಯಾಹ್ನ ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಪರದೆ ಎಳೆದು, ಹಳೆಯ ಕಪ್ಪು ಬಿಳುಪಿನ ಹಾಲಿವುಡ್ ಚಿತ್ರ ನೋಡುತ್ತಿದ್ದೆವು. ತಮಾಷೆಯ ಚಿತ್ರವೆಂದು ನಾನೇ ಆರಿಸಿದ್ದು. ಆದರೆ ತೀರಿಹೋದ ದೊಡ್ಡಪ್ಪನ ಬಂಗಲೆಗೆ ವಾರಸುದಾರಳಾಗಿ ಬಂದ ಹುಡುಗಿಯನ್ನು ಪ್ರೇತವೊಂದು ಹೆದರಿಸಿ ಓಡಿಸಲು ನೋಡುತ್ತಿತ್ತು. ನಗು ಹಾಗಿರಲಿ, ನಾನೂ ದಿಂಬನ್ನು ಅಪ್ಪಿಕೊಂಡು ಕುಳಿತಿದ್ದೆ.

ವಿಸಿಟ್ ವೀಸಾದಲ್ಲಿ ಉಡುಪಿಯಿಂದ ಬಂದಿದ್ದ ಅತ್ತೆಗೆ ಇಂಗ್ಲಿಷ್ ಬಾರದು. ಅಲಸಂಡೆ ಮುರಿಯುತ್ತಾ ನನ್ನಿಂದ ಕಥೆ ಕೇಳುತ್ತಿದ್ದವರು ತಟ್ಟನೆ ಕೈ ನಿಲ್ಲಿಸಿದರು.

"ಇದು ಪ್ರೇತ ಅಲ್ಲ ಮಾರಾಯ್ತಿ. ಪ್ರೇತ ಆದ್ರೆ ಕುಡೀಲಿಕ್ಕೆ ಸೀಯಾಳ ಕೇಳ್ತದೆ, ತಿನ್ಲಿಕ್ಕೆ ಕೋಳಿ ರೊಟ್ಟಿ ಕೇಳ್ತದೆ. ಬಂಗಲೆ ಎಂತಕ್ಕೆ ಅದಕ್ಕೆ? ಇದು ನೆಂಟರದ್ದೇ ಕೆಲಸ!"

ಕೊನೆಗೆ ಮುಖವಾಡ ಕಳಚಿದಾಗ ಒಳಗಿದ್ದವನು ಹುಡುಗಿಯ ಸ್ವಂತ ಚಿಕ್ಕಪ್ಪನ ಮಗ! ನನ್ನ ಮಗಳು ಸೋಫಾದ ಹಿಂದಿನಿಂದ ಬಂದವಳೇ ಅಜ್ಜಿಯ ಮಡಿಲೇರಿ ಚಪ್ಪಾಳೆ ತಟ್ಟಿದಳು. ಅತ್ತೆ ಮಾತ್ರ ಏನೂ ಆಗದವರಂತೆ ಉಳಿದ ಅಲಸಂಡೆ ಮುರಿದರು.

ಅವರು ಊರಿಗೆ ಮರಳಿದ ಮೇಲೂ ನಮ್ಮ ಮನೆಯಲ್ಲಿ ಆ ಧೈರ್ಯ ಉಳಿದಿದೆ. ಎ.ಸಿ. ಕಿರುಗುಟ್ಟಿದರೆ ಮಗಳು, "ಎಂತ ಬೇಕು? ಸೀಯಾಳವಾ?" ಎಂದು ಗದರುತ್ತಾಳೆ. ಮೊನ್ನೆ ಮಾತ್ರ ಫಜೀತಿಯಾಯಿತು. ನನ್ನವರ ಚಿಕ್ಕಪ್ಪ ಊರಿನಿಂದ ಫೋನ್ ಮಾಡಿ ಜಾಗದ ಪಾಲಿನ ಮಾತೆತ್ತಿದ್ದರು. ಸ್ಪೀಕರ್ ಆನ್ ಇತ್ತು. ಮಗಳು ಓಡಿಬಂದು ಗಟ್ಟಿಯಾಗಿ ಕೇಳಿದಳು: "ಅಮ್ಮಾ, ಇವರಿಗೆ ಸೀಯಾಳ ಸಾಕಾಗುದಿಲ್ವಾ?"