ಭೂಮಿಯಾದ ಹರಿನಾರಾಯಣ ಮಾಸ್ಟ್ರು

ಜುಲೈ ತಿಂಗಳ ಒಂದು ದಿನ, ಜೋರು ಮಳೆಯೆಂದು ಕಲೆಕ್ಟರು ಶಾಲೆಗಳಿಗೆಲ್ಲ ರಜೆ ಕೊಟ್ಟಿದ್ದರು. ಎಣ್ಮಕಜೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯ ಹರಿನಾರಾಯಣ ಮಾಸ್ಟ್ರು ಅಗಲ್ಪಾಡಿಯ ತಮ್ಮ ಮನೆಯಲ್ಲಿ ಸುಮ್ಮನೆ ಕೂರಲಾರದೆ, ಐದನೇ ತರಗತಿಯ ಮಕ್ಕಳಿಗಾಗಿ ಭೂಮಿಯ ಚಲನೆಯ ಪಾಠವನ್ನು ತಾವೇ ಹೇಳಿ ಮೊಬೈಲಿನಲ್ಲಿ ಚಿತ್ರೀಕರಿಸಿದರು. ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ತಪ್ಪುಗಳಿವೆಯೇ ನೋಡೋಣವೆಂದು ಆರಾಮ ಕುರ್ಚಿಯಲ್ಲಿ ಒರಗಿ ಅದನ್ನು ನೋಡತೊಡಗಿದರು. ತಪ್ಪು ಒಂದೂ ಇರಲಿಲ್ಲ. ಆದರೆ ಭೂಮಿ ತನ್ನ ಅಕ್ಷದ ಮೇಲೆ ವಾಲಿಕೊಂಡಿದೆ ಎಂಬಲ್ಲಿಗೆ ತಲುಪುವಾಗ ಮಾಸ್ಟ್ರು ಕೂಡ ಒಂದು ಕಡೆಗೆ ವಾಲಿ ಗೊರಕೆ ಹೊಡೆಯುತ್ತಿದ್ದರು.

ಮಗಳು ಅಮೂಲ್ಯಾ ಬಂದು ಎಬ್ಬಿಸಿದಳು.

"ಅಪ್ಪ, ನಿಮ್ಮ ಪಾಠಕ್ಕೆ ನಿಮಗೇ ಹೀಗೆ ನಿದ್ದೆ ಬಂದರೆ ಆ ಮಕ್ಕಳದ್ದು ಎಂತ ಗತಿ?"

ಊಟ ಸ್ವಲ್ಪ ಹೆಚ್ಚಾಗಿತ್ತು ಎಂದು ಮಾಸ್ಟ್ರು ಹೇಳಿದರು. ಆದರೆ ಮಾತು ಒಳಗೆ ನಾಟಿತ್ತು. ಇಷ್ಟು ವರ್ಷ ತನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದರು. ಆ ಮೌನ ಶಿಸ್ತಿನದ್ದೋ, ಅರೆನಿದ್ದೆಯದ್ದೋ ಎಂದು ಈಗ ಅನುಮಾನ ಹುಟ್ಟಿತು. ಬೇಸಗೆ ರಜೆಯಲ್ಲಿ ನಡೆದ ಅಧ್ಯಾಪಕರ ತರಬೇತಿಯಲ್ಲಿ, ಕಲಿಕೆ ಸಂತೋಷದಾಯಕವಾಗಿರಬೇಕೆಂದು ಯಾರೋ ತುಂಬ ಹೊತ್ತು ಮಾತಾಡಿದ್ದರು. ಮಾಸ್ಟ್ರಿಗೆ ಅದರಲ್ಲಿ ನೆನಪು ಉಳಿದದ್ದು, ತಾನೂ ಕಾಗದದ ಟೊಪ್ಪಿ ಹಾಕಿಕೊಂಡದ್ದು ಮತ್ತು ಮಧ್ಯಾಹ್ನದ ಪಾಯಸ ಚೆನ್ನಾಗಿದ್ದದ್ದು, ಇಷ್ಟೇ.

ಸರಿ, ಸಂತೋಷ ತಂದೇ ಬಿಡುವುದೆಂದು ನಿಶ್ಚಯಿಸಿದರು. ಒಂದು ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು, ತರಗತಿಯಲ್ಲಿ ಅದನ್ನು ಕೈಗೆ ಹಾಕಿಕೊಂಡು, ಸಣ್ಣ ಸ್ವರದಲ್ಲಿ ಭೂಮಿಯ ಕತೆ ಹೇಳತೊಡಗಿದರು. ಮಕ್ಕಳು ಗೊಂಬೆಯನ್ನು ನೋಡಲಿಲ್ಲ, ಮಾಸ್ಟ್ರ ಮುಖವನ್ನೇ ಕಳವಳದಿಂದ ನೋಡಿದರು. ಎದುರು ಬೆಂಚಿನ ದೀಕ್ಷಿತಾ ಮೆಲ್ಲನೆ ಎದ್ದು ನಿಂತಳು.

"ಸರ್, ನಿಮ್ಮ ಗಂಟಲಿಗೆ ಎಂತ ಆಯ್ತು? ಬಿಸಿನೀರು ತರಬೇಕಾ?"

ಮರುದಿನ ಗ್ರಹಗಳ ಹೆಸರುಗಳನ್ನೆಲ್ಲ ಪೋಣಿಸಿ ಒಂದು ಹಾಡು ಕಟ್ಟಿದರು. ಅವರಿಗೆ ಬರುತ್ತಿದ್ದದ್ದು ಭಜನೆಯ ಧಾಟಿ ಒಂದೇ. ಬುಧ, ಶುಕ್ರ ಎಂದು ಎತ್ತಿಕೊಳ್ಳುತ್ತಲೇ ಅರ್ಧ ತರಗತಿ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೈಮುಗಿಯಿತು. ಉಳಿದ ಅರ್ಧ, ಇದು ಮುಗಿದ ಮೇಲೆ ಪ್ರಸಾದ ಉಂಟೋ ಎಂಬ ಕುತೂಹಲದಲ್ಲಿ ಕಾದಿತು. ಮಾಸ್ಟ್ರು ಶನಿಗ್ರಹದ ಹತ್ತಿರ ಹಾಡು ನಿಲ್ಲಿಸಿ, ಪುಸ್ತಕ ತೆಗೆಯಿರಿ ಎಂದರು. ಮಕ್ಕಳಿಗೂ ಅದರಿಂದ ಸಮಾಧಾನವಾದಂತೆ ಕಂಡಿತು.

ಕೊನೆಗೆ ಕೆಲಸ ಆದದ್ದು ಸಿಟ್ಟಿನಲ್ಲಿ. ಅದೇ ವಾರ, ಮಾಸ್ಟ್ರು ಬೋರ್ಡಿನ ಮೇಲೆ ಸೂರ್ಯನ ಸುತ್ತ ಭೂಮಿಯ ಪಥ ಬರೆಯುತ್ತಿದ್ದಾಗ ಹಿಂದಿನಿಂದ ಗುಸುಗುಸು ಕೇಳಿಸಿತು. ಪ್ರವೀತ್. ಮಾತು ನಿಲ್ಲಿಸಲೆಂದು ಅವನನ್ನು ಬದಲಿಸಿ ಕೂರಿಸದ ಬೆಂಚು ಆ ಕೋಣೆಯಲ್ಲಿ ಇರಲಿಲ್ಲ.

"ಅಷ್ಟು ಮಾತು ಉಂಟಲ್ಲ ನಿನ್ನಲ್ಲಿ, ಬಾ ಇಲ್ಲಿ," ಎಂದು ಮಾಸ್ಟ್ರು ಕರೆದರು. "ಆ ಕುರ್ಚಿಯಲ್ಲಿ ಕೂತುಕೋ. ನೀನು ಸೂರ್ಯ, ನಾನು ಭೂಮಿ. ನಾನು ಯಾಕೆ ನಿನ್ನ ಸುತ್ತ ಬರಬೇಕು? ಹೇಳು, ನೋಡುವ."

ಹುಡುಗ ತಲೆ ತಗ್ಗಿಸುತ್ತಾನೆ, ಪಾಠ ಮುಂದುವರಿಯುತ್ತದೆ ಎಂದು ಅವರ ಲೆಕ್ಕ. ಆದರೆ ಪ್ರವೀತ್ ಅಜ್ಜನ ಜೊತೆ ತಾಳಮದ್ದಳೆಗೆ ಹೋಗಿ ಕೂತು ಬೆಳೆದವನು. ವೇಷ, ಕುಣಿತ ಇಲ್ಲದೆ, ಕುಳಿತಲ್ಲಿಯೇ ಬರಿಯ ಮಾತಿನಿಂದ ಒಬ್ಬರನ್ನೊಬ್ಬರು ಸೋಲಿಸುವ ಆ ಆಟ ಅವನಿಗೆ ಹೊಸತಲ್ಲ. ಅವನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು, ಹೆಗಲ ಮೇಲೆ ಇಲ್ಲದ ಶಾಲನ್ನು ಸರಿಪಡಿಸಿಕೊಂಡ.

"ಎಲೌ ಭೂಮಿ, ಯಾಕೆ ಬರಬೇಕೆಂದು ನನ್ನಲ್ಲಿ ಕೇಳುತ್ತೀಯಾ? ನಿನ್ನ ಅಂಗಳದಲ್ಲಿ ಹರಡಿದ ಅಡಿಕೆ ಒಣಗುವುದು ಯಾರ ಕೃಪೆಯಿಂದ? ನಾನು ನಾಲ್ಕು ದಿನ ಮುಖ ತೋರಿಸದಿದ್ದರೆ ನಿನ್ನ ಮನೆಯವರ ಅಂಗಿ ಒಣಗುತ್ತದೆಯೇ?"

ತರಗತಿ ಒಮ್ಮೆಲೇ ಎಚ್ಚೆತ್ತಿತು. ಮಾಸ್ಟ್ರ ಮೈಯಲ್ಲೂ ಏನೋ ಎದ್ದು ಕೂತಿತು. ಪ್ರಾಯದಲ್ಲಿ ಅವರೂ ಒಮ್ಮೆ ತಾಳಮದ್ದಳೆಯಲ್ಲಿ ದೂತನ ಪಾತ್ರಕ್ಕೆ ಕೂತು, 'ಮಹಾಪ್ರಭು' ಎಂದ ಮೇಲೆ ಮುಂದಿನದ್ದು ಹೊಳೆಯದೆ, ಅದನ್ನೇ ಬೇರೆಬೇರೆ ಸ್ವರಗಳಲ್ಲಿ ಹೇಳಿ ಎದ್ದು ಬಂದಿದ್ದರು. ಈಗ ಎದುರಿಗಿರುವವನು ಹತ್ತು ವರ್ಷದ ಹುಡುಗ. ಗೆಲ್ಲುವ ಅವಕಾಶ ಉಂಟೆಂದು ಅವರಿಗೆ ಅನಿಸಿತು.

"ಎಲೈ ಸೂರ್ಯ, ನಾನು ಬರುವುದು ನಿನ್ನ ಹೆದರಿಕೆಯಿಂದಲ್ಲ. ಗುರುತ್ವಾಕರ್ಷಣೆಯೆಂಬ ನಿಯಮಕ್ಕೆ ಮರ್ಯಾದೆ ಕೊಟ್ಟು ಬರುತ್ತೇನೆ. ನನ್ನಲ್ಲಿ ಜೀವ ಉಂಟು, ನೀರು ಉಂಟು. ನಿನ್ನಲ್ಲಿ ಬೆಂಕಿ ಬಿಟ್ಟರೆ ಎಂತ ಉಂಟು?"

ಮಕ್ಕಳು ಡೆಸ್ಕು ಬಡಿದರು. ಅಷ್ಟರಲ್ಲಿ ದೀಕ್ಷಿತಾ ಯಾರೂ ಕರೆಯದೆ ಮುಂದೆ ಬಂದಳು.

"ನಾನು ಚಂದ್ರ. ಇವಳು ನಿನ್ನ ಸುತ್ತ, ನಾನು ಇವಳ ಸುತ್ತ. ನಿಮ್ಮಿಬ್ಬರ ಜಗಳದಲ್ಲಿ ನನಗೆ ಒಂದು ದಿನವಾದರೂ ರಜೆ ಉಂಟಾ?"

"ಅಮಾವಾಸ್ಯೆಗೆ ರಜೆ ಅಲ್ಲವಾ?" ಎಂದು ಯಾರೋ ಹಿಂದಿನಿಂದ ಕೂಗಿದರು. ಅಂದು ಚಂದ್ರ ಎಲ್ಲಿಗೂ ಹೋಗಿರುವುದಿಲ್ಲ, ಕಾಣುವುದಿಲ್ಲ ಅಷ್ಟೇ ಎಂದು ಇನ್ನೊಬ್ಬರು ತಿದ್ದಿದರು. ಮಾಸ್ಟ್ರು ಎಷ್ಟೋ ಸಲ ಬರೆಸಿದ್ದ ವಾಕ್ಯ ಅದು. ಮಕ್ಕಳು ಅದನ್ನು ಜಗಳಕ್ಕೆ ಬಳಸುವುದನ್ನು ಅವರು ಕಂಡದ್ದು ಅಂದೇ ಮೊದಲು.

ಆಗ ಸೂರ್ಯ ಕೊನೆಯ ಬಾಣ ಬಿಟ್ಟ.

"ಭೂಮಿಯೇ, ನೀನು ಅಷ್ಟು ವೇಗದಲ್ಲಿ ತಿರುಗುತ್ತೀಯೆಂದು ಜಂಬ ಕೊಚ್ಚಿಕೊಳ್ಳುತ್ತೀಯಲ್ಲ, ನಿನ್ನ ಮೇಲಿರುವ ನಮಗೆ ಯಾಕೆ ಗೊತ್ತಾಗುವುದಿಲ್ಲ? ಬಸ್ಸು ತಿರುವಿನಲ್ಲಿ ತಿರುಗಿದರೆ ನಾವು ಒಬ್ಬರ ಮೇಲೆ ಒಬ್ಬರು ಬೀಳುವುದಿಲ್ಲವಾ?"

ಮಾಸ್ಟ್ರು ವರ್ಷವರ್ಷವೂ ಭೂಮಿಯನ್ನು ತಿರುಗಿಸಿದ್ದರು, ಈ ಪ್ರಶ್ನೆ ಮಾತ್ರ ತಲೆಗೆ ಬಂದೇ ಇರಲಿಲ್ಲ. ಸ್ವಲ್ಪ ಸಮಯ ಸಿಗಲೆಂದು, "ಮೊದಲು ನಾನು ತಿರುಗುವುದನ್ನು ನೋಡು," ಎಂದು ಎರಡೂ ಕೈ ಚಾಚಿ, ಸ್ವಲ್ಪ ವಾಲಿಕೊಂಡು, ತನ್ನನ್ನು ತಾನೇ ಸುತ್ತುತ್ತಾ ಕುರ್ಚಿಗೂ ಪ್ರದಕ್ಷಿಣೆ ಬರತೊಡಗಿದರು. ಐವತ್ತರ ಹತ್ತಿರದ ಭೂಮಿ. ಚಳಿಗಾಲ ಮುಗಿಯುವ ಮೊದಲೇ ಕೋಣೆಯೆಲ್ಲ ತಿರುಗಿತು. ಬೋರ್ಡಿನ ಕಾಲಿಗೆ ಎಡವಿ, ಚಾಕ್‌ಪೀಸಿನ ಪೆಟ್ಟಿಗೆಯನ್ನೂ ಸೇರಿಸಿಕೊಂಡು ಅವರು ನೆಲದ ಮೇಲೆ ಕೂತುಬಿಟ್ಟರು.

ಬಾಗಿಲಲ್ಲಿ ಮುಖ್ಯೋಪಾಧ್ಯಾಯಿನಿ ಮೂಕಾಂಬಿಕಾ ಟೀಚರ್ ನಿಂತಿದ್ದರು.

"ಎಂತ ಆಯ್ತು ಇಲ್ಲಿ?"

"ಟೀಚರ್," ಎಂದಳು ದೀಕ್ಷಿತಾ ಗಂಭೀರವಾಗಿ, "ಭೂಮಿ ಬಿದ್ದದ್ದು."

ಶಾಲೆ ಬಿಟ್ಟ ಮೇಲೆ ಮಾಸ್ಟ್ರು ಆಫೀಸಿಗೆ ಹೋದರು. ಪ್ಯಾಂಟಿನ ಹಿಂಭಾಗದಲ್ಲಿ ಚಾಕಿನ ಹುಡಿ ಹಾಗೆಯೇ ಇತ್ತು.

"ಏಳನೇ ಕ್ಲಾಸಿನ ಮಕ್ಕಳೆಲ್ಲ ನಿಮ್ಮ ಕಿಟಕಿಯಲ್ಲಿ ಇದ್ದರಂತೆ," ಎಂದರು ಟೀಚರ್. "ಅಲ್ಲಿ ಪಾಠ ಮಾಡುತ್ತಿದ್ದ ಲೋಕನಾಥ ಮಾಸ್ಟ್ರು ಗಲಾಟೆಯೆಂದು ದೂರು ಹೇಳಿ ಹೋದರು."

"ಗೌಜಿ ಸ್ವಲ್ಪ ಜಾಸ್ತಿ ಆಯ್ತು ಟೀಚರ್. ಇನ್ನು ಮಾಡುವುದಿಲ್ಲ."

"ನಾನು ಹಾಗೆ ಹೇಳಲಿಲ್ಲ. ಆ ಹುಡುಗ ಕೇಳಿದ್ದಕ್ಕೆ ಉತ್ತರ ಎಂತ?"

"ನನಗೆ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ. ಹುಡುಕಿ ನನಗೂ ಹೇಳಿ. ನಾಳೆ ಬಾಗಿಲು ಹಾಕಿಕೊಂಡು ಗೌಜಿ ಮಾಡಿ."

ಅಂದು ಸಂಜೆ ಮಾಸ್ಟ್ರು ಕಾಲೇಜಿಗೆ ಹೋಗುವ ಮಗಳ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕೂತರು. ಗೊತ್ತಿಲ್ಲದ್ದನ್ನು ತಿಳಿಯಲೆಂದು ಓದದೆ ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕಹೋಗಿ, ನಾಚಿಕೆಯಾಗಿ ಬಿಟ್ಟರು. ಮರುದಿನ ತರಗತಿಯಲ್ಲಿ ಬಸ್ಸಿನಿಂದಲೇ ಶುರು ಮಾಡಿದರು. ಬಸ್ಸು ಗಕ್ಕನೆ ತಿರುಗುವುದರಿಂದ ನಾವು ಬೀಳುತ್ತೇವೆ. ಭೂಮಿ ಒಂದು ಸುತ್ತಿಗೆ ಇಡೀ ದಿನ ತೆಗೆದುಕೊಳ್ಳುತ್ತದೆ, ವೇಗ ಹೆಚ್ಚುಕಡಿಮೆ ಮಾಡುವುದಿಲ್ಲ, ನಮ್ಮನ್ನೂ ಮರವನ್ನೂ ಗಾಳಿಯನ್ನೂ ಒಟ್ಟಿಗೇ ಕರೆದುಕೊಂಡು ಹೋಗುತ್ತದೆ. ಪ್ರವೀತ್ ಒಪ್ಪಿದ. ಹಾಗಾದರೆ ಭೂಮಿ ಒಮ್ಮೆ ಬ್ರೇಕ್ ಹಾಕಿದರೆ ಎಂತಾಗುತ್ತದೆ ಎಂದು ಕೇಳಿದ. ಮಾಸ್ಟ್ರು ಮತ್ತೆ ಪುಸ್ತಕಕ್ಕೆ ಮರಳಬೇಕಾಯಿತು.

ಗೆದ್ದ ಉಮೇದಿನಲ್ಲಿ ಅವರು ಕೂಡಲೇ ಕೆಟ್ಟರು. ಏಳನೇ ತರಗತಿಯ ಕನ್ನಡ ವ್ಯಾಕರಣಕ್ಕೂ ಇದೇ ಮದ್ದು ಎಂದು ಹೊರಟರು. ಲೋಪಸಂಧಿಯ ಪಾತ್ರಧಾರಿ, "ಇದೋ, ನಾನು ಲೋಪವಾದೆ," ಎಂದು ಹೊರಗೆ ಹೋದವನು ಊಟದ ಗಂಟೆಯವರೆಗೂ ಬರಲಿಲ್ಲ. ಆಗಮಸಂಧಿಯನ್ನು ನೋಡಲು ಪಕ್ಕದ ತರಗತಿಯಿಂದ ನಾಲ್ಕು ಜನ ಆಗಮಿಸಿದರು. ಲೋಕನಾಥ ಮಾಸ್ಟ್ರು ಮತ್ತೊಮ್ಮೆ ದೂರು ಕೊಟ್ಟರು. ಈ ಸಲ ಹರಿನಾರಾಯಣ ಮಾಸ್ಟ್ರಿಗೂ ಅವರ ಮಾತು ಸರಿಯೆನಿಸಿತು. ಅಂದಿನಿಂದ ಕೆಲವು ದಿನ ಆಟ, ಕೆಲವು ದಿನ ಬರಿಯ ಬೋರ್ಡು ಎಂದು ಹೊಂದಿಸಿಕೊಂಡರು. ಬೋರ್ಡಿನ ದಿನಗಳಲ್ಲೂ ಮಕ್ಕಳು ಕೈ ಎತ್ತತೊಡಗಿದರು.

ಓಣಂ ರಜೆ ಕಳೆದು ಬಂದಾಗ ಜೀರ್ಣಕ್ರಿಯೆಯ ಪಾಠ ಕಾದಿತ್ತು. ಅಷ್ಟು ಹೊತ್ತಿಗೆ ಪಾತ್ರ ಹಂಚುವ ಅಧಿಕಾರವನ್ನು ಮಕ್ಕಳೇ ವಹಿಸಿಕೊಂಡಿದ್ದರು. ದೀಕ್ಷಿತಾ ನಾಲಗೆಯಾದಳು. ಪ್ರವೀತ್ ಹೊಟ್ಟೆಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಲ್ಲುಗಳಿಗೆ ನೂಕುನುಗ್ಗಲು. ಮಾಸ್ಟ್ರು ತುಸು ಆಸೆಯಿಂದಲೇ ಕಾದು ಕೂತರು.

"ಸರ್, ನಿಮಗೆ ದೊಡ್ಡ ಕರುಳು," ಎಂದಳು ದೀಕ್ಷಿತಾ. "ಕೊನೆಗೆ ಬರುವುದು, ಹೆಚ್ಚು ಮಾತಿಲ್ಲ. ನಿಮಗೆ ಸುಲಭ ಆಗ್ತದೆ."

ಮಾಸ್ಟ್ರು ಒಪ್ಪಿಕೊಂಡರು. ಆ ಶನಿವಾರ ಮನೆಯಲ್ಲಿ ಬೆಳಿಗ್ಗೆಯಿಂದ ಪುಸ್ತಕ ಹಿಡಿದು, ಜಗಲಿಯಲ್ಲಿ ಅತ್ತಿತ್ತ ನಡೆಯುತ್ತಾ ಕೈ ಬೀಸಿ ಏನೋ ಹೇಳಿಕೊಳ್ಳುತ್ತಿದ್ದ ಗಂಡನನ್ನು ಕಂಡು ಸೌಮ್ಯಶ್ರೀ, ಸೋಮವಾರ ಇನ್‌ಸ್ಪೆಕ್ಷನ್ ಉಂಟಾ ಎಂದು ಕೇಳಿದರು.

"ಇಲ್ಲ," ಎಂದರು ಮಾಸ್ಟ್ರು. "ನನ್ನದು ಸಣ್ಣ ಪಾತ್ರ. ಆದರೆ ಹೊಟ್ಟೆ ಆ ಪ್ರವೀತ್. ಎಂತ ಕೇಳ್ತಾನೆಂದು ಹೇಳಲಿಕ್ಕಾಗುವುದಿಲ್ಲ."