ಮಡಿ ಎಂದುಕೊಂಡ ಕಾಯಿಲೆ

ದೊಡ್ಡಪ್ಪನ ಮಗ ಬೆಂಗಳೂರಿನಲ್ಲಿ ಎಂ.ಬಿ.ಬಿ.ಎಸ್.ಗೆ ಸೇರಿದ ವರ್ಷ ನಾನು ಮುಳಬಾಗಿಲಿನ ಅವರ ಮನೆಯಲ್ಲಿದ್ದುಕೊಂಡು ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಎಪ್ಪತ್ತರ ದಶಕದ ಕೊನೆಯ ದಿನಗಳು. ದೊಡ್ಡಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಮಾತ್ರ ಅಜ್ಜಿಯದೇ ರಾಜ್ಯ. ಮನೆತನಕ್ಕೆ ಮೊದಲ ಡಾಕ್ಟರು ಎಂದು ಬೀದಿಗೆಲ್ಲ ಸಕ್ಕರೆ ಹಂಚಿದರು. ಡಾಕ್ಟರಾಗುವವನು ಮೊದಲು ಹೆಣ ಕುಯ್ಯಬೇಕೆಂಬುದು ಅವರಿಗೆ ಆಮೇಲೆ ತಿಳಿಯಿತು.

ತಿಳಿದ ಮೇಲೆ ಓದು ಬಿಡಿಸಲಿಲ್ಲ, ತೊಳೆಯಲು ಶುರು ಮಾಡಿದರು. ಶನಿವಾರ ಅವನು ಊರಿಗೆ ಬಂದರೆ ಮುಂಬಾಗಿಲಿನಿಂದ ಪ್ರವೇಶವಿಲ್ಲ. ಹಿತ್ತಲಲ್ಲಿ ನಿಲ್ಲಿಸಿ ತಲೆಯ ಮೇಲೆ ಬಾವಿ ನೀರು ಸುರಿಯುವುದು, ಜನಿವಾರ ಬದಲಿಸುವುದು, ಪಂಚಗವ್ಯ ಕುಡಿಸುವುದು. ಅವನು ಕಣ್ಣು ಮುಚ್ಚಿ ನುಂಗುತ್ತಿದ್ದ. ಓದಲು ತಂದ ಮೂಳೆಗಳ ಚೀಲ ದನದ ಕೊಟ್ಟಿಗೆಯ ತೊಲೆಗೆ ನೇತಾಡುತ್ತಿತ್ತು.

ಕೆಲವು ತಿಂಗಳಲ್ಲಿ ಯಾರೂ ಹೇಳದೆ ತಾನೇ ತೊಳೆದುಕೊಳ್ಳತೊಡಗಿದ. ಮೊದಲು ಸೀಗೆಪುಡಿ, ಆಮೇಲೆ ಬಟ್ಟೆ ಸೋಪು, ಆಮೇಲೆ ತೆಂಗಿನ ನಾರು, ಇಟ್ಟಿಗೆ ಪುಡಿ. ಬೆರಳ ಸಂದಿಗಳು ಒಡೆದು ಕೀವಾದವು. ಊಟಕ್ಕೆ ಕೂತವನು ಅನ್ನ ಕಲಸುವ ಮೊದಲೇ ಎದ್ದು ಮತ್ತೆ ಬಚ್ಚಲಿಗೆ ಹೋಗುತ್ತಿದ್ದ. ಅಜ್ಜಿಯ ಕಣ್ಣಲ್ಲಿ ಆನಂದಬಾಷ್ಪ. ಪಕ್ಕದ ಮನೆಯ ಪುರೋಹಿತರು ಜಗಲಿಯಿಂದಲೇ, "ಆಹಾ, ಪಿಲ್ಲವಾಡಂಟೆ ವೀಡು! ಹುಡುಗ ಅಂದ್ರೆ ಇವನು. ಮಠದಲ್ಲೂ ಇಷ್ಟು ಮಡಿ ಇಲ್ಲ ಕಣಮ್ಮಾ," ಎಂದು ಹೊಗಳಿದರು. ಕೀವು ಒಸರುವ ಆ ಕೈಗಳನ್ನು ನೋಡಿಯೇ ಹೊಗಳಿದ್ದು.

ತಿಂಗಳ ಮೂರು ದಿನ ನನಗೂ ಕೊಟ್ಟಿಗೆಯ ಪಕ್ಕದ ಕೋಣೆಯೇ ಗತಿ. ಅವನು ಮೂಳೆ ಹಿಡಿದು ಓದಲು ಆ ಕೊಟ್ಟಿಗೆಗೇ ಬರುತ್ತಿದ್ದ. ಹಿಡಿಯುತ್ತಿರಲಿಲ್ಲ, ಚೀಲವನ್ನು ನೋಡುತ್ತ ಕೂರುತ್ತಿದ್ದ.

"ಅಕ್ಕ, ನನ್ನ ಕೈ ವಾಸನೆ ಬರ್ತಿದೆಯಾ?"

"ಸೀಗೆಪುಡಿ ವಾಸನೆ ಬರ್ತಿದೆ ಕಣೋ."

"ಅದರ ಕೆಳಗೆ?"

ಆ ಸಂಜೆಯೇ ದೂರದಲ್ಲಿ ನಿಂತು ದೊಡ್ಡಪ್ಪನಿಗೆ ಹೇಳಿದೆ. "ಅವನಿಗೆ ಏನೋ ಆಗಿದೆ ದೊಡ್ಡಪ್ಪ. ಯಾರಾದ್ರೂ ಡಾಕ್ಟ್ರಿಗೆ ತೋರ್ಸಿ."

"ಡಾಕ್ಟ್ರಿಗೇ ಡಾಕ್ಟ್ರಾ?" ದೊಡ್ಡಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ಹೋಗೇ, ಬಿ.ಎ. ಓದೋಳಿಗೆ ಎಂ.ಬಿ.ಬಿ.ಎಸ್. ಉಸಾಬರಿ ಯಾಕೆ?"

ಮರುದಿನ ಬೆಳಿಗ್ಗೆ ಅವನು ಬೆಂಗಳೂರಿಗೆ ಹೊರಡಬೇಕಿತ್ತು. ನನ್ನ ಕೋಣೆಯಿಂದ ಬಚ್ಚಲುಮನೆಯ ಒಳಗು ಕಾಣುತ್ತಿತ್ತು. ಹಂಡೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು. ಅವನು ಮುಚ್ಚಳ ಸರಿಸಿದ. ಬಿದ್ದ ಚೊಂಬನ್ನು ಎತ್ತಿಕೊಳ್ಳುವವನಂತೆ ನಿಧಾನವಾಗಿ ಎರಡೂ ಕೈ ಇಳಿಬಿಟ್ಟ. ಕೂಗಲಿಲ್ಲ. ಇಷ್ಟು ವರ್ಷಗಳಾದ ಮೇಲೂ ನಾನು ಮತ್ತೆ ಮತ್ತೆ ಕಾಣುವುದು ಅದನ್ನೇ: ಹಬೆಯೊಳಗೆ ಅವನ ಮುಖ, ಸದ್ದಿಲ್ಲದ ಬಾಯಿ. ಓಡಿಹೋಗಿ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ಬಿದ್ದೆವು. ಅವನ ಕೈಯ ಚರ್ಮ ಹಾಲಿನ ಕೆನೆಯಂತೆ ಮುದುರಿತ್ತು.

ಅಜ್ಜಿ ಒದ್ದೆ ಸೀರೆಯಲ್ಲೇ ಓಡಿಬಂದರು. "ಅಯ್ಯೋ ಮುಂಡೇದೇ, ಹೊರಗಿದ್ದೋಳು ಮುಟ್ಟಿಬಿಟ್ಯಾ! ಹಂಡೆ ನೀರೆಲ್ಲ ಮೈಲಿಗೆ ಆಯ್ತಲ್ಲೇ!"

ಅವರು ಮೊದಲು ನೋಡಿದ್ದು ಹಂಡೆಯನ್ನು. ನೆಲದಲ್ಲಿ ನಡುಗುತ್ತಿದ್ದ ಮೊಮ್ಮಗ, "ಬೇರೆ ನೀರು ಕಾಯ್ಸು ಅಜ್ಜಿ, ಇನ್ನೊಂದ್ಸಲ ತೊಳ್ಕೋತೀನಿ," ಎಂದ.

ಬಾಡಿಗೆ ಕಾರಿನಲ್ಲಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದರು. ಅವನು ನನ್ನ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡಿದ್ದರಿಂದ ನನ್ನನ್ನು ಬಿಟ್ಟುಹೋಗಲು ಆಗಲಿಲ್ಲ.

"ಮಡಿ ನೀರು ತೋಡ್ಕೊಳ್ಳೋವಾಗ ಕೈ ಜಾರ್ತು ಸಾರ್," ಎಂದರು ದೊಡ್ಡಪ್ಪ. "ಪರೀಕ್ಷೆ ಹೊತ್ತಿಗೆ ವಾಸಿ ಆಗುತ್ತಲ್ಲ?"

"ಜಾರ್ಲಿಲ್ಲ ಡಾಕ್ಟ್ರೇ. ತಾನೇ ಇಟ್ಟ," ಎಂದೆ.

ವಯಸ್ಸಾದ ಆ ಡಾಕ್ಟರು ಅವನ ಕಡೆ ಬಾಗಿದರು. "ಇವತ್ತು ಎಷ್ಟು ಸಲ ಕೈ ತೊಳೆದೆಯಪ್ಪಾ?"

"ಇನ್ನೂ ಮುಗ್ದಿಲ್ಲ ಸಾರ್."

ಡಾಕ್ಟರು ದೊಡ್ಡಪ್ಪನ ಕಡೆ ತಿರುಗಿದರು. "ಕೈಯನ್ನ ನಾನು ನೋಡ್ಕೋತೀನಿ. ಮನಸ್ಸಿಗೆ ಬೆಂಗಳೂರಿನಲ್ಲಿ ಚಿಕಿತ್ಸೆ ಆಗ್ಬೇಕು. ಅಲ್ಲೀವರೆಗೂ ಪರೀಕ್ಷೆ ಮಾತು ಎತ್ತಬೇಡಿ. ಹೀಗೇ ಬಿಟ್ರೆ ಹುಡುಗ ಉಳಿಯೋದಿಲ್ಲ."

ಹೊರಗೆ ಬಂದ ದೊಡ್ಡಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಮಗನಿಗೆ ಹುಚ್ಚ ಅನ್ನೋ ಹೆಸರು ತಂದುಬಿಟ್ಟೆಯಲ್ಲೇ."

ನಾವು ಮನೆಗೆ ಬರುವಷ್ಟರಲ್ಲಿ ಪುರೋಹಿತರು ಬಚ್ಚಲುಮನೆಗೆ ಪುಣ್ಯಾಹ ಮುಗಿಸಿ, ದಕ್ಷಿಣೆ ತಾಂಬೂಲ ತೆಗೆದುಕೊಂಡು ಹೊರಟಿದ್ದರು. ಅಜ್ಜಿ ಹಂಡೆಗೆ ಹುಣಿಸೇಹಣ್ಣು ಹಾಕಿ ಥಳಥಳ ಬೆಳಗಿದ್ದರು.

ಕೈಗಳ ಗಾಯ ಮಾಗಿದ ಮೇಲೆ ಅವನನ್ನು ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಬೇಸಿಗೆಯಲ್ಲಿ ದೊಡ್ಡಪ್ಪನ ಜೊತೆ ನಾನೂ ನೋಡಲು ಹೋದೆ. ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ನಾನು ತಂದ ಕೋಡುಬಳೆಯ ಡಬ್ಬಿ ತೆರೆದೆ. ವಾರ್ಡಿನ ಮೂಲೆಯಲ್ಲಿದ್ದ ನಲ್ಲಿಯನ್ನು ಅವನು ಬಹಳ ಹೊತ್ತು ನೋಡಿದ. ಎದ್ದೇಳಲಿಲ್ಲ. ಗಾಯದ ಕಲೆಗಳಿಂದ ಬಿಗಿದುಕೊಂಡಿದ್ದ ಬೆರಳುಗಳಿಂದ ಒಂದು ಕೋಡುಬಳೆ ಎತ್ತಿ ಕಚ್ಚಿದ. ಹಣೆಯಲ್ಲಿ ಬೆವರು.

"ಥೂ, ಕೈಯಾದ್ರೂ ತೊಳ್ಕೊಂಡು ತಿನ್ನೋ," ಎಂದರು ದೊಡ್ಡಪ್ಪ.

ಅಗಿಯುವ ಬಾಯಿ ನಿಂತಿತು. ಅವನು ನನ್ನ ಮುಖ ನೋಡಿದ.

"ತಿನ್ನೋ," ಎಂದೆ. ದೊಡ್ಡಪ್ಪ ಮುಖ ಕಿವುಚಿಕೊಂಡು ಎದ್ದು ಹೋದರು. ಅವನು ನುಂಗಿ, ಇನ್ನೊಂದಕ್ಕೆ ಕೈ ಹಾಕಿದ.