ಪತ್ತೇದಾರಿ ದೊಡ್ಡಮ್ಮ ಮತ್ತು ಬಾಟಲಿ ಮರ

ಕಾಲೇಜಿನ ಹುಡುಗರು ಅವಳನ್ನು ಎದುರಿಗೆ ದೊಡ್ಡಮ್ಮ ಎಂದೂ ಬೆನ್ನ ಹಿಂದೆ ಪತ್ತೇದಾರಿ ದೊಡ್ಡಮ್ಮ ಎಂದೂ ಕರೆಯುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕಸ ಗುಡಿಸುತ್ತ, ಬುಟ್ಟಿ ಖಾಲಿ ಮಾಡುತ್ತ ಬಂದವಳಿಗೆ ಗೊತ್ತಿಲ್ಲದ್ದು ಆ ಕಟ್ಟಡದಲ್ಲಿ ಕಡಿಮೆಯೇ. ಗಣಿತದ ಮೇಷ್ಟ್ರು ಸಿಗರೇಟು ಬಿಟ್ಟೆನೆಂದು ಊರಿಗೆಲ್ಲ ಹೇಳಿಕೊಂಡರೂ ಅವರ ಬುಟ್ಟಿ ಬೇರೆಯೇ ಕತೆ ಹೇಳುತ್ತಿತ್ತು. ಗ್ರಂಥಾಲಯದ ಹುಡುಗಿ ಯಾರಿಗೋ ಪತ್ರ ಬರೆದು ಹರಿದು, ಮತ್ತೆ ಬರೆದು ಮತ್ತೆ ಹರಿಯುತ್ತಿದ್ದಳು. ದೊಡ್ಡಮ್ಮ ಯಾರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಆದರೆ ಯಾವ ಬುಟ್ಟಿಯನ್ನೂ ನೋಡದೆ ಸುರಿದವಳೂ ಅಲ್ಲ.

ಅದಕ್ಕೆ ಕಾರಣವಿತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದಾಗ ಸಾಹೇಬರ ಪೆನ್ನು ಕಾಣೆಯಾಗಿ, ಎಲ್ಲರೆದುರು ಅವಳ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದ್ದರು. ಮೂರನೆಯ ದಿನ ಪೆನ್ನು ಅವರದೇ ಕೋಟಿನ ಅಸ್ತರಿನೊಳಗೆ ಸಿಕ್ಕಿತು. ಚೀಲ ಬೋರಲು ಹಾಕಿದವರು ಮಾತ್ರ ತಪ್ಪಾಯಿತು ಎನ್ನಲಿಲ್ಲ. ಅಂದಿನಿಂದ ಅವಳು ಎರಡು ಸಲ ನೋಡದೆ ಯಾವುದನ್ನೂ ನಂಬುವುದು ಬಿಟ್ಟಳು.

ಆ ವರ್ಷ ಹೊಸದಾಗಿ ಬಂದ ಡ್ರಾಯಿಂಗ್ ಮೇಡಂ ಒಂದು ಬೆಳಿಗ್ಗೆ ಪೊರಕೆ ಕೋಣೆಯ ಬಾಗಿಲಿಗೇ ಬಂದು ನಿಂತರು.

“ದೊಡ್ಡಮ್ಮ, ಇನ್ಮೇಲೆ ಬಾಟ್ಲಿ, ಒಂದ್ ಕಡೆ ಬರೆದ ಹಾಳೆ, ಹಳೇ ವೈರು ಏನೂ ಬಿಸಾಕ್ಬೇಡಿ. ಎಲ್ಲಾ ನನಗೆ ಕೊಡಿ.”

“ಯಾಕ್ ಮೇಡಂ?”

“ಕಲೆ ಮಾಡ್ತೀವಿ. ಚಾವಣಿ ಮುಟ್ಟೋ ಅಷ್ಟು ದೊಡ್ಡ ಮರ. ಪಕ್ಕದಲ್ಲಿ ಮಕ್ಕಳು ರದ್ದಿ ಹಾಳೆ ಮೇಲೇ ಬರೀತಾರೆ, ಯಾವ ವಸ್ತು ಎಲ್ಲಿಂದ ಬಂತು, ಯಾಕೆ ಕಸ ಆಯ್ತು ಅಂತ. ಯಾರು ಬೇಕಾದ್ರೂ ಬರೀಬಹುದು. ನೋಡೋಕೆ ಹೊರಗಿಂದ ದೊಡ್ಡೋರು ಬರ್ತಾರೆ.”

ದೊಡ್ಡಮ್ಮ ಹೂಂ ಎಂದಳು. ಆದರೆ ಮನಸ್ಸು ಹೂಂ ಅನ್ನಲಿಲ್ಲ. ಇಷ್ಟು ವರ್ಷ ಅವಳ ಗಾಡಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಕಸದ ಮೇಲೆ ಇಷ್ಟು ಪ್ರೀತಿ ಏಕೆ? ಕಸವೇ ಇಲ್ಲವೆಂದು ತೋರಿಸಿ ತನ್ನನ್ನು ಮನೆಗೆ ಕಳಿಸುವ ಹುನ್ನಾರವಿರಬಹುದೇ?

ಸಂಜೆ ಗಂಡನಿಗೆ ಹೇಳಿದಳು. ಅವನು ಗಡಿಯಾರ ರಿಪೇರಿಯವನು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲಿ ಕಿಟಕಿಯ ಬೆಳಕಿಗೆ ಬೆನ್ನು ಬಗ್ಗಿಸಿ ಕೂತವನು ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯದೆ ನಕ್ಕ. “ನಿಂಗೆ ಸೂರ್ಯ ಹುಟ್ಟಿದ್ರೂ ಅನುಮಾನ. ಕೇಳಿದ್ದಾರೆ, ಕೊಡು.”

ಕೊಟ್ಟಳು. ಆದರೆ ಆ ವರ್ಷ ಕಾಲೇಜಿನಲ್ಲಿ ಕುಡಿಯುವ ನೀರಿನ ನಲ್ಲಿಗಳನ್ನು ಹಾಕಿಸಿದ್ದರಿಂದ ಬಾಟಲಿ ಬೀಳುವುದೇ ಕಡಿಮೆಯಾಗಿತ್ತು. ಒಂದು ತಿಂಗಳಾದರೂ ಮರ ಸೊಂಟದ ಮೇಲೆ ಏರಲಿಲ್ಲ. ಮರ ಕಟ್ಟುವ ಗುಂಪಿನ ನಾಯಕಿ, ಉದ್ದ ಜಡೆಯ ಹುಡುಗಿ, ದಿನಕ್ಕೆರಡು ಸಲ ಬಂದು ಗೋಗರೆಯುತ್ತಿದ್ದಳು. “ಇಷ್ಟೇನಾ ದೊಡ್ಡಮ್ಮ? ಇನ್ನು ಎಂಟೇ ದಿನ ಇರೋದು!”

“ನಾನೇನ್ ಕುಡ್ದು ಬಿಸಾಕ್ಲಾ?”

ಗುರುವಾರ ಬೆಳಿಗ್ಗೆ ಸಭಾಂಗಣ ಗುಡಿಸಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಮರ ಚಾವಣಿ ಮುಟ್ಟಿತ್ತು.

ಹತ್ತಿರ ಹೋಗಿ ಒಂದೊಂದೇ ನೋಡಿದಳು. ಅವಳ ಬುಟ್ಟಿಗೆ ಬೀಳುವ ಬಾಟಲಿಗಳಿಗೆ ಒಂದೊಂದಕ್ಕೂ ಒಂದೊಂದು ಚರಿತ್ರೆ. ಒಂದನ್ನು ಹಿಂಡಿ ಮುದ್ದೆ ಮಾಡಿರುತ್ತಾರೆ, ಇನ್ನೊಂದರ ಮುಚ್ಚಳಕ್ಕೆ ಹಲ್ಲಿನ ಗುರುತಿರುತ್ತದೆ, ಮತ್ತೊಂದರ ಚೀಟಿಯನ್ನು ಪಾಠ ಬೇಸರವಾದವರು ಉಗುರಿನಲ್ಲಿ ಕೆರೆದಿರುತ್ತಾರೆ. ಆದರೆ ಮರದಲ್ಲಿ ಸೊಂಟದೆತ್ತರದಿಂದ ಮೇಲಿನವು ಎಲ್ಲವೂ ಒಂದೇ ಕಂಪನಿಯವು, ಅವಳಿ ಮಕ್ಕಳಂತೆ ನುಣ್ಣಗೆ ಹೊಳೆಯುತ್ತಿದ್ದವು. ಮೂಸಿದಳು. ಬಾಯಿ ವಾಸನೆಯೇ ಇಲ್ಲ.

ಅವಳ ತಲೆಗೆ ಹುಳ ಹೊಕ್ಕಿತು. ಹಾಗೆಂದು ಬರೀ ಅನುಮಾನದ ಮೇಲೆ ಯಾರ ಚೀಲವನ್ನೂ ಬೋರಲು ಹಾಕುವವಳಲ್ಲ. ಮರ ಕಟ್ಟುವ ಮಕ್ಕಳಿರುವ ಹಾಸ್ಟೆಲ್ಲಿನ ಹಿಂದೆ ಹೋದಳು. ಮಳೆಯಿಲ್ಲದ ವಾರ, ಆದರೂ ಚರಂಡಿಯ ಅಂಚು ಕೆಸರಾಗಿತ್ತು. ಅಲ್ಲಿಂದ ಹಾಸ್ಟೆಲ್ಲಿನ ತಾರಸಿಗೆ ಹತ್ತಿದಳು. ನೀರಿನ ತೊಟ್ಟಿಯ ಮರೆಯಲ್ಲಿ ಅದೇ ಕಂಪನಿಯ ಖಾಲಿ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಮಡಚಿ ಕೂತಿದ್ದವು. ಎಣಿಸಿದಳು: ಮೂವತ್ತೊಂದು.

ಮನೆಯಲ್ಲಿ ಗಂಡ ಈ ಸಲ ನಗಲಿಲ್ಲ. ಕಣ್ಣಿನ ಗಾಜು ತೆಗೆದಿಟ್ಟ. “ಬಾಯಿ ಬಿಟ್ರೆ ಕೆಲ್ಸ ಹೋಗ್ಬಹುದು, ಕಣೇ.”

“ಬಾಯಿ ಬಿಡಲ್ಲ. ಬರೀತೀನಿ. ಯಾರ್ ಬೇಕಾದ್ರೂ ಬರೀಬಹುದು ಅಂತ ಮೇಡಂ ಅಂದಿದ್ದಾರೆ.”

ಏಳನೆಯ ತರಗತಿಯವರೆಗೆ ಓದಿದ್ದ ಅವಳು ಅದೇ ಪೆಟ್ಟಿಗೆಯ ರಟ್ಟು ಕತ್ತರಿಸಿ, ಗುಂಡಾದ ಅಕ್ಷರಗಳಲ್ಲಿ ಬರೆದಳು. ಪ್ರದರ್ಶನದ ಬೆಳಿಗ್ಗೆ ಮೊದಲು ಬಾಗಿಲು ತೆರೆಯುವವಳು ಅವಳೇ ತಾನೆ? ಮಕ್ಕಳ ಬರಹಗಳ ನಡುವೆ ಸಿಕ್ಕಿಸಿ, ಪೊರಕೆ ಹಿಡಿದು ಮೂಲೆಯಲ್ಲಿ ನಿಂತಳು.

ಅತಿಥಿ, ಬಿಳಿಗೂದಲಿನ ಹೆಂಗಸು, ಮರವನ್ನು ಹೊಗಳುತ್ತ ಬಂದು ರಟ್ಟಿನ ಮುಂದೆ ನಿಂತರು. ಗಟ್ಟಿಯಾಗಿಯೇ ಓದಿದರು.

“ಮೇಲಿನ ಬಾಟಲಿಗಳ ನೀರನ್ನು ಯಾರೂ ಕುಡಿದಿಲ್ಲ. ಬುಧವಾರ ಹಾಸ್ಟೆಲ್ ಹಿಂದಿನ ಚರಂಡಿಗೆ ಚೆಲ್ಲಿದ್ದಾರೆ. ಬಾಟಲಿ ಕಸ ಅಲ್ಲ. ಇಲ್ಲಿ ಕಸ ಆಗಿದ್ದು ನೀರು. ಇಂತಿ, ಗುಡಿಸುವವಳು.”

ಪ್ರಿನ್ಸಿಪಾಲರ ಮುಖ ಹುಳ್ಳಗಾಯಿತು. “ಯಾರೋ ತಮಾಷೆಗೆ...” ಎನ್ನುವಷ್ಟರಲ್ಲಿ ಜಡೆಯ ಹುಡುಗಿ ಅಳಲಾರಂಭಿಸಿದಳು. “ಇಲ್ಲ ಸರ್, ನಿಜ. ಮರ ಪೂರ್ತಿ ಆಗ್ತಿರ್ಲಿಲ್ಲ. ನಾವೇ ತರಿಸಿದ್ವಿ.”

ಎಲ್ಲರೂ ಡ್ರಾಯಿಂಗ್ ಮೇಡಂ ಕಡೆ ನೋಡಿದರು. ಅವರು ಏಣಿ ತರಿಸಿ, ಅತಿಥಿಗಳ ಮುಂದೆಯೇ ಹತ್ತಿ, ಸೊಂಟದ ಮೇಲಿನದನ್ನೆಲ್ಲ ಬಿಚ್ಚತೊಡಗಿದರು. ರಟ್ಟನ್ನು ಮುಟ್ಟಲಿಲ್ಲ. ಬಿಳಿಗೂದಲಿನ ಹೆಂಗಸು ಸೆರಗು ಸಿಕ್ಕಿಸಿಕೊಂಡು ಕೆಳಗಿನಿಂದ ಬಾಟಲಿ ಹಿಡಿದುಕೊಂಡರು.

ದೊಡ್ಡಮ್ಮನ ಕೆಲಸ ಹೋಗಲಿಲ್ಲ. ಬಿಚ್ಚಿದ ಬಾಟಲಿಗಳನ್ನು ತೋಟದವನು ಕತ್ತರಿಸಿ ಅವುಗಳಲ್ಲಿ ಸಸಿ ನೆಟ್ಟ. ಮುಂದಿನ ವರ್ಷದ ಮರ ಮೊಣಕಾಲೆತ್ತರವೂ ಇರಲಿಲ್ಲ, ಆದರೆ ಬರಹಗಳು ಗೋಡೆ ತುಂಬ ಇದ್ದವು. ಪ್ರತಿ ವಸ್ತುವನ್ನೂ ಹುಡುಗರು ಮೊದಲು ಪೊರಕೆ ಕೋಣೆಗೆ ತಂದು ತೋರಿಸುತ್ತಿದ್ದರು. ಅವಳು ತಿರುಗಿಸಿ, ಮೂಸಿ, ಪಾಸೋ ಫೇಲೋ ಹೇಳುತ್ತಿದ್ದಳು. “ಇದು ಯಾರದು ದೊಡ್ಡಮ್ಮ?” ಎಂದರೆ, “ಅದೆಲ್ಲಾ ನಿಂಗ್ಯಾಕೆ? ಬರ್ಕೋ, ಹೋಗು” ಎಂದು ಅಟ್ಟುತ್ತಿದ್ದಳು. ಜಡೆಯ ಹುಡುಗಿಯೇ ಎಲ್ಲರಿಗಿಂತ ಹೆಚ್ಚು ಬರೆದಳು.

ಒಂದು ಮಾತ್ರ ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ. ನೀರು ಚೆಲ್ಲಿದ್ದು ಮೇಡಂಗೆ ಮೊದಲೇ ಗೊತ್ತಿತ್ತೇ? ಕೇಳಿದರೆ ಸರಿಯಾದ ಉತ್ತರ ಸಿಗುತ್ತಿತ್ತೇನೋ, ಕೇಳಲಿಲ್ಲ. ಈಗಲೂ ಡ್ರಾಯಿಂಗ್ ಕೋಣೆಯ ಬುಟ್ಟಿಯನ್ನು ಉಳಿದವಕ್ಕಿಂತ ಒಂದು ಸಲ ಹೆಚ್ಚೇ ನೋಡಿ ಸುರಿಯುತ್ತಾಳೆ.